ಮೂರೂವರೆಯ ನೀರು

ನಮ್ಮೂರಲ್ಲಿ ಬೆಳೆಯುವುದೆಲ್ಲ ಸಂಜೆ ನಾಲ್ಕರಿಂದ ಐದರೊಳಗೆ ಬೆಳೆದು ಮುಗಿಸುತ್ತದೆ. ಉಳಿದ ಇಪ್ಪತ್ತಮೂರು ಗಂಟೆ ಯಾವುದೂ ಎಳ್ಳಷ್ಟೂ ಹೆಚ್ಚುವುದಿಲ್ಲ. ಉಗುರು, ಕೂದಲು, ಹುಲ್ಲು, ಕುಂಬಳದ ಬಳ್ಳಿ, ಬಸುರಿಯ ಹೊಟ್ಟೆಯ ಕೂಸು, ಹಳೇ ರೊಟ್ಟಿಯ ಮೇಲಿನ ಬೂಸಲು, ಎಲ್ಲಕ್ಕೂ ಅದೊಂದೇ ಗಂಟೆ. ಅದನ್ನು ನಾವು ಹೊತ್ತು ಎನ್ನುತ್ತೇವೆ. ಬೇರೆ ಊರುಗಳಲ್ಲಿ ಇದೆಲ್ಲ ದಿನವಿಡೀ ಚೂರುಚೂರಾಗಿ ನಡೆಯುತ್ತದಂತೆ. ಕೇಳಿದರೇ ನನಗೆ ಆಯಾಸವಾಗುತ್ತದೆ. ಯಾವಾಗ ನೋಡಿದರೂ ಏನೋ ಒಂದು ಬೆಳೆಯುತ್ತಲೇ ಇದೆ ಎಂದರೆ ಮನುಷ್ಯರು ನೆಮ್ಮದಿಯಾಗಿ ಕೂರುವುದು ಯಾವಾಗ?

ಊರು ಇದಕ್ಕೆ ಹೊಂದಿಕೊಂಡಿದೆ. ಕ್ಷೌರದಂಗಡಿ ಬಾಗಿಲು ತೆಗೆಯುವುದು ಐದೂಕಾಲಿಗೆ. ಆರತಕ್ಷತೆಗೆ ಹೊರಟ ಗಂಡು ಆತುರಕ್ಕೆ ಬಿದ್ದು ಮೂರು ಗಂಟೆಗೇ ಗಡ್ಡ ಬೋಳಿಸಿಕೊಂಡರೆ ಆರಕ್ಕೆ ಕುರುಚಲು ಗಡ್ಡದಲ್ಲೇ ಕೂರಬೇಕು. ಹಾಲನ್ನು ಮೂರೂವರೆಗೆ ಕಾಯಿಸುತ್ತೇವೆ, ಮರೆತರೆ ಐದಕ್ಕೆ ಹುಳಿಯಾಗಿರುತ್ತದೆ. ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಗೀಟು ಎಳೆಯುವುದು ಐದರ ಗಂಟೆ ಹೊಡೆದ ಮೇಲೆ. ಮಂಡಿ ತರಚಿಕೊಂಡವರು, "ಹೊತ್ತು ಕಳೀಲಿ, ತಾನೇ ಮುಚ್ಕೊಳತ್ತೆ" ಎಂದು ಗಾಯಕ್ಕೆ ಊದುತ್ತ ಕಾಯುತ್ತಾರೆ.

ಹೊತ್ತಿಗೆ ಒಂದು ಕಟ್ಟುಪಾಡೂ ಉಂಟು. ಹನ್ನೆರಡಕ್ಕೆ ಉಂಡು ಕೈ ತೊಳೆದರೆ ಐದರವರೆಗೆ ಬಾಯಿಗೆ ಏನನ್ನೂ ಹಾಕುವಂತಿಲ್ಲ. ನೀರಿಲ್ಲ, ಎಲೆ ಅಡಿಕೆಯಿಲ್ಲ. ಊರ ಆಸ್ಪತ್ರೆಯ ಕಾಂಪೌಂಡರ್ ಅನಂತಯ್ಯ ನಾಲ್ಕಕ್ಕೆ ಗಂಟೆ ಹೊಡೆದ ಮೇಲೆ ಮಾತೂ ಇಲ್ಲ. ಎಲ್ಲರೂ ಚಾಪೆ ಹಾಸಿ ತುಟಿ ಬಿಗಿಹಿಡಿದು ಮಲಗುತ್ತಾರೆ. ಆಗ ಒಳಗೆ ಹೋದದ್ದು ಒಳಗೇ ಎರಡಾಗಿ ನಾಲ್ಕಾಗಿ ಹೊಟ್ಟೆ ಬಿರಿಯುತ್ತದೆ ಎಂಬ ಹೆದರಿಕೆ. ಮುತ್ತಜ್ಜನ ಕಾಲದಲ್ಲಿ ಯಾರೋ ಒಬ್ಬ ನಾಲ್ಕೂಕಾಲಿಗೆ ಹಲಸಿನ ಹಣ್ಣು ತಿಂದು ಸತ್ತನಂತೆ. ಎಷ್ಟು ತೊಳೆ ತಿಂದಿದ್ದ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನಾನೂ ಬಹಳ ವರ್ಷ ಕೇಳಲಿಲ್ಲ.

ನನ್ನ ಹೆಸರು ದೇವೀರಮ್ಮ. ದೋಸೆ, ಇಡ್ಲಿ ಹಿಟ್ಟಿನ ಅಂಗಡಿ ನನ್ನದು. ನನ್ನದು ಎಂದರೆ ನಾದಿನಿ ಪುಟ್ಟತಾಯಿಗೆ ಸಿಟ್ಟು ಬರುತ್ತದೆ, ನಮ್ಮದು ಎನ್ನಬೇಕು. ನನ್ನ ಗಂಡ ತೀರಿಕೊಂಡು ಹನ್ನೊಂದು ವರ್ಷ. ಅವರು ಬಿಟ್ಟುಹೋದದ್ದು ಒಂದು ಒರಳುಕಲ್ಲು ಮತ್ತು ಮದುವೆಯೇ ಬೇಡವೆಂದು ಕೂತ ಈ ತಂಗಿ. ನಾನು ರುಬ್ಬುತ್ತೇನೆ. ಅವಳು ಐದೂವರೆಗೆ ಪಾತ್ರೆ ತಲೆಯ ಮೇಲಿಟ್ಟು ಹೊರಟರೆ ಊರಿನ ಒಂಬತ್ತು ಬೀದಿಗೂ ಹಿಟ್ಟು ಹಂಚಿ, ಒಂಬತ್ತು ಬೀದಿಯ ಸುದ್ದಿಯನ್ನೂ ಹೊತ್ತುಕೊಂಡು ಬರುತ್ತಾಳೆ. ಐವತ್ತೆರಡರ ವಯಸ್ಸಿನಲ್ಲೂ ಅವಳ ನಡಿಗೆಗೆ ಜೊತೆ ಕೊಡುವವರಿಲ್ಲ. ನಮ್ಮಿಬ್ಬರಿಗೂ ಒಂದು ದಿನವೂ ಸರಿಬಂದದ್ದಿಲ್ಲ. ಉಪ್ಪು ಹೆಚ್ಚಾಯಿತು ಎಂದರೆ ಕಮ್ಮಿ ಎನ್ನುತ್ತಾಳೆ, ಉದ್ದು ಕಮ್ಮಿ ಎಂದರೆ ಹೆಚ್ಚು ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಸದ್ದಡಗುತ್ತಿದ್ದದ್ದು ಹೊತ್ತಿನ ಆ ಒಂದು ಗಂಟೆ ಮಾತ್ರ. ಪಕ್ಕದ ಮನೆಯವರು ಅದಕ್ಕಾಗಿ ನಾಲ್ಕರ ಗಂಟೆಗೆ ಕೈ ಮುಗಿಯುತ್ತಿದ್ದರು.

ನಮ್ಮ ಕಸುಬಿನಲ್ಲಿ ಕಲಿಯಬೇಕಾದ ವಿದ್ಯೆ ಒಂದೇ. ಹಿಟ್ಟು ಉಕ್ಕುವುದು ಹೊತ್ತಿನಲ್ಲಿ. ಬೇಸಿಗೆಯಲ್ಲಿ ಅದು ಪಾತ್ರೆ ಮೀರಿ ಅಂಗಳಕ್ಕೆ ಹರಿಯುತ್ತದೆ, ಹುಳಿ ಬಾಯಿಗಿಡಲಾಗದಷ್ಟಾಗುತ್ತದೆ. ಅದಕ್ಕೆ ಪಾತ್ರೆಗಳನ್ನು ತಣ್ಣೀರಿನ ತೊಟ್ಟಿಯಲ್ಲಿ ಇಳಿಬಿಡುತ್ತೇವೆ. ಹೊಸದಾಗಿ ಅಂಗಡಿ ಇಟ್ಟವರು ಬೆಳಗ್ಗೆಯೇ ಬಾವಿಯ ನೀರು ತುಂಬಿ ದೊಡ್ಡ ಜಾಣರ ಹಾಗೆ ಕೂರುತ್ತಾರೆ. ನಾಲ್ಕರ ಹೊತ್ತಿಗೆ ಆ ನೀರು ಬಿಸಿಲಿಗೆ ಕಾದು ಬೆಚ್ಚಗಾಗಿರುತ್ತದೆ. ಬೆಳಗಿಡೀ ತಣ್ಣಗಿದ್ದು ಏನು ಬಂತು? ಬೆಳಗಿಡೀ ಹಿಟ್ಟು ಹೇಗೂ ಸುಮ್ಮನೇ ಇತ್ತಲ್ಲ! ಸರಿಯಾಗಿ ಮೂರೂವರೆಗೆ ನೀರು ಬದಲಿಸಬೇಕು. ನಾನು ಸೊಸೆಯಾಗಿ ಬಂದ ವಾರವೇ ಅತ್ತೆ ಇದನ್ನು ಹೇಳಿಕೊಟ್ಟಿದ್ದರು. ಮೂರೂವರೆಯ ನೀರು ಎಂದೇ ಅದಕ್ಕೆ ಹೆಸರು.

ಆ ಬೇಸಿಗೆಯ ಒಂದು ಶುಕ್ರವಾರ ನಾನು ಒರಳಿನ ಗುಂಡನ್ನು ತೊಳೆದು ಕಟ್ಟೆಯ ಮೇಲೆ ಒಣಗಲು ಇಟ್ಟೆ. ಉರುಳದಂತೆ ಅದಕ್ಕೊಂದು ಅಡ್ಡಗಲ್ಲು ಇಡಬೇಕು. ಪುಟ್ಟತಾಯಿಯ ಜೊತೆ ಯಾವುದೋ ವಾದದಲ್ಲಿದ್ದೆ, ಇಡಲಿಲ್ಲ. ಗುಂಡು ಉರುಳಿ ಅವಳ ಬಲಗಾಲಿನ ಮುಂಗಾಲ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ, ಪುಣ್ಯ. ಪಾದದಿಂದ ನಾಲ್ಕು ಬೆರಳು ಮೇಲೆ ಚರ್ಮ ಸುಲಿದು ಒಂದು ಉದ್ದನೆಯ ಗಾಯವಾಯಿತು. ಅದನ್ನು ಅರಿಸಿನ ಹಚ್ಚಿ ಕಟ್ಟಿದೆವು. ಮರುದಿನ ಹೊತ್ತು ಕಳೆದು ನೋಡಿದರೆ ಗಾಯ ಮುಚ್ಚಿಕೊಳ್ಳುವ ಬದಲು ಸುತ್ತ ಕೆಂಪಗೆ ಊದಿಕೊಂಡಿತ್ತು. ಮೈ ಕಾದ ಹಂಚಾಗಿತ್ತು. ನಾನೇ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ.

ಡಾಕ್ಟರ್ ಫರ್ಹಾನಾ ನಮ್ಮೂರಿಗೆ ಬಂದು ಆಗ ಆರು ತಿಂಗಳು. ಸಣ್ಣ ವಯಸ್ಸು, ದೊಡ್ಡ ಕನ್ನಡಕ, ಹೊತ್ತಿನಲ್ಲೂ ಮಲಗದೆ ಓಡಾಡುವ ಹೊರಗಿನವಳು. ಅವಳು ಜೇಬಿನಿಂದ ನೀಲಿ ಪೆನ್ನು ತೆಗೆದು ಪುಟ್ಟತಾಯಿಯ ಕಾಲಿನ ಮೇಲೆ, ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಸುತ್ತಲೂ ಗೆರೆ ಎಳೆದಳು.

"ಇದೇನಮ್ಮ, ಕಾಲಿಗೆ ಗಡಿ ಹಾಕ್ತಿದೀಯ?" ಎಂದಳು ಪುಟ್ಟತಾಯಿ, ಜ್ವರದಲ್ಲೂ.

"ಹೌದು, ಗಡೀನೇ. ಕೆಂಪು ಇದನ್ನ ದಾಟಿದ್ರೆ ಗೊತ್ತಾಗ್ಬೇಕಲ್ಲ. ಮಾತ್ರೆ ಕೊಡ್ತೀನಿ. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಮಲಗೋವಾಗ. ಒಂದೂ ತಪ್ಪಿಸ್ಬೇಡಿ."

ಅನಂತಯ್ಯ ಮಾತ್ರೆ ಎಣಿಸಿ ಪೊಟ್ಟಣ ಕಟ್ಟುತ್ತ ನನ್ನ ಕಿವಿಯ ಹತ್ತಿರ ಬಂದ. "ತಗೊಳ್ಳಿ, ಆದ್ರೆ ಈ ಮಾತ್ರೆ ನಮ್ಮೂರಿಗೆ ಹಿಡಿಯಲ್ಲಮ್ಮ. ಮೂವತ್ತು ವರ್ಷದಿಂದ ನೋಡ್ತಿದೀನಿ."

ಭಾನುವಾರ ಬೆಳಗಿನಿಂದ ಕೆಂಪು ಗೆರೆಯೊಳಗೇ ಇತ್ತು. ಮೂರು ಗಂಟೆಗೂ ಅಲ್ಲೇ ಇತ್ತು. ನನಗೆ ಜೀವ ಬಂತು. ಐದಕ್ಕೆ ನೋಡಿದರೆ ಗೆರೆ ದಾಟಿ ಎರಡು ಬೆರಳು ಮೇಲಕ್ಕೆ ಜಿಗಿದಿತ್ತು. ಡಾಕ್ಟರು ಬಂದು ಎರಡನೇ ಗೆರೆ ಎಳೆದಳು. ಸೋಮವಾರವೂ ಹಾಗೆಯೇ, ಇಡೀ ದಿನ ನಿಂತಲ್ಲೇ ನಿಂತು ಹೊತ್ತಿನಲ್ಲಿ ಒಂದೇ ನೆಗೆತ. ಮೂರನೇ ಗೆರೆ ಬಿತ್ತು. ಅದಕ್ಕೂ ಮೊಣಕಾಲಿಗೂ ನಡುವೆ ಉಳಿದದ್ದು ನಾಲ್ಕೇ ಬೆರಳು.

ಡಾಕ್ಟರು ನನ್ನನ್ನು ಹೊರಗೆ ಕರೆದಳು. "ಗುರುವಾರ ದೊಡ್ಡಾಸ್ಪತ್ರೆಯ ವ್ಯಾನ್ ಬರುತ್ತೆ. ಅದಕ್ಕೆ ಮುಂಚೆ ಇಲ್ಲಿಂದ ಬೇರೆ ದಾರಿಯಿಲ್ಲ. ಇಂಜೆಕ್ಷನ್ನೂ ಇಲ್ಲಿಲ್ಲ. ಕೆಂಪು ಮೊಣಕಾಲು ದಾಟಿಬಿಟ್ರೆ ಅಲ್ಲಿ ಕಾಲು ತೆಗೀಬೇಕಾಗ್ಬಹುದು. ನಿಮಗೆ ಮುಂಚೇನೇ ಹೇಳಿರ್ತೀನಿ."

ಪುಟ್ಟತಾಯಿಯ ಕಾಲು! ಒಂದು ಅಡ್ಡಗಲ್ಲು ಇಡುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಾಗಿತ್ತು? ಅದರ ಮೇಲೆ ಇನ್ನೊಂದು ಸಂಕಟ. ಗುಂಡಿಗೆ ಹಿಟ್ಟು ಅಂಟಿತ್ತು, ಹಿಟ್ಟು ಗಾಯದೊಳಗೆ ಹೋಗಿ ಅಲ್ಲಿ ಉಕ್ಕುತ್ತಿದೆ ಎಂದು ಬೀದಿಯಲ್ಲಿ ಮಾತಾಗಿತ್ತು. ಮೂರು ದಿನದಿಂದ ನಮ್ಮ ಹಿಟ್ಟು ಕೇಳುವವರೇ ಇರಲಿಲ್ಲ. ಪುಟ್ಟತಾಯಿಯೂ ಹಾಸಿಗೆಯಲ್ಲಿ ಮಲಗಿಕೊಂಡೇ, "ನೀನು ರುಬ್ಬಿದ ಹಿಟ್ಟು ಪಾತ್ರೇಲಿ ಇಷ್ಟು ಚೆನ್ನಾಗಿ ಎಂದೂ ಉಕ್ಕಿರ್ಲಿಲ್ಲ ಬಿಡು ಅತ್ತಿಗೆ" ಎಂದಿದ್ದಳು. ತಮಾಷೆಗೆ ಹೇಳಿದ್ದು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಮಂಗಳವಾರ ಬೆಳಗ್ಗೆ ಡಾಕ್ಟರನ್ನು ನೇರವಾಗಿ ಕೇಳಿಯೇಬಿಟ್ಟೆ. "ನನ್ನ ಹಿಟ್ಟಿಂದ್ಲೇ ಆಗಿದ್ದಾ? ಇದ್ದದ್ದು ಇದ್ದ ಹಾಗೆ ಹೇಳಮ್ಮ."

"ನಾನು ಹೇಳೋದು ಬೇಡ, ನೀವೇ ನೋಡಿ. ನಾಲ್ಕು ಗಂಟೆಗೆ ಒಂದು ಚಮಚ ಹಿಟ್ಟು ತಗೊಂಡು ಬನ್ನಿ."

ಹೊತ್ತಿನಲ್ಲಿ ಮನೆ ಬಿಟ್ಟು ಹೋದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನಾಲ್ಕರ ಗಂಟೆ ಹೊಡೆದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲಿದ್ದೆ. ತುಟಿ ಬಿಗಿದುಕೊಂಡು ಒಳಗೆ ಹೋದೆ. ಮೇಜಿನ ಮೇಲೆ ಎರಡು ಗಾಜಿನ ತಟ್ಟೆಗಳಿದ್ದವು. ಎರಡರಲ್ಲೂ ರಕ್ತ ಬೆರೆಸಿದ ಕೆಂಪು ಪಾಕ ಗಟ್ಟಿಯಾಗಿ ನಿಂತಿತ್ತು. "ಇದರಲ್ಲಿ ಭಾನುವಾರ ನಿಮ್ಮ ಅಂಗಡಿಯ ಹಿಟ್ಟು ತಂದು ಸವರಿದ್ದೆ. ಇದರಲ್ಲಿ ನಿಮ್ಮ ನಾದಿನಿ ಗಾಯದ ಕೀವು" ಎಂದಳು. ಹಿಟ್ಟಿನ ತಟ್ಟೆಯಲ್ಲಿ ಬಿಳಿಯ ಚುಕ್ಕೆಗಳು ತಮ್ಮ ಪಾಡಿಗೆ ಕೂತಿದ್ದವು, ಸುತ್ತಲಿನ ಕೆಂಪಿಗೆ ಏನೂ ಆಗಿರಲಿಲ್ಲ. ಕೀವಿನ ತಟ್ಟೆಯಲ್ಲಿ ಪ್ರತಿಯೊಂದು ಚುಕ್ಕೆಯ ಸುತ್ತಲೂ ಕೆಂಪು ಕರಗಿ, ಆಚೆ ಬದಿಯ ಬೆಳಕು ಕಾಣುತ್ತಿತ್ತು.

"ನೋಡಿದ್ರಾ? ಇವು ರಕ್ತ ತಿಂದು ಬಯಲು ಮಾಡ್ತವೆ. ನಿಮ್ಮವಕ್ಕೆ ಆ ಬುದ್ಧಿಯಿಲ್ಲ. ಇವು ಜನರ ಗಂಟಲಲ್ಲಿ, ಚರ್ಮದ ಮೇಲೆ ಇರೋವು. ಗಾಯ ಸಿಕ್ತು, ಒಳಗೆ ನುಗ್ಗಿದ್ವು. ನಿಮ್ಮ ಹಿಟ್ಟಿನ ತಪ್ಪು ಏನೂ ಇಲ್ಲ."

ಬಾಯಿ ಬಿಡುವಂತಿರಲಿಲ್ಲ, ಕಣ್ಣು ಮಾತ್ರ ತಾನಾಗಿ ಸುರಿಯಿತು. ಗುಂಡಿನ ತಪ್ಪು ನನ್ನದೇ, ಅದನ್ನು ಯಾರೂ ಒರೆಸಲಾರರು. ಆದರೆ ಹನ್ನೊಂದು ವರ್ಷ ಊರಿಗೆ ಉಣಿಸಿದ ಹಿಟ್ಟು ನಮ್ಮವಳ ಕಾಲು ತಿನ್ನುತ್ತಿಲ್ಲ ಎಂದು ತಿಳಿದದ್ದೇ ಅರ್ಧ ಭಾರ ಇಳಿಯಿತು.

ಆಮೇಲೆ ಅವಳು ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದಳು. ಮೊದಲು ನನ್ನ ಹಿಟ್ಟಿನ ಹನಿ ಇಟ್ಟಳು. ಸಣ್ಣ ಸಣ್ಣ ಮಣಿಗಳು, ಜೋಡಿಜೋಡಿಯಾಗಿ. ನಡುನಡುವೆ ಮೊಟ್ಟೆಯಾಕಾರದ ದೊಡ್ಡವು, ಅವುಗಳ ಪಕ್ಕದಲ್ಲಿ ಮರಿಮೊಟ್ಟೆ ಮೂಡುತ್ತಿತ್ತು. ನಾನು ಇಷ್ಟು ವರ್ಷ ಬರಿಗೈಯಲ್ಲಿ ಕಲಸಿದ್ದು ಇವರನ್ನು! ಪರಿಚಯದವರನ್ನು ಕಂಡಷ್ಟು ಖುಷಿಯಾಯಿತು. ಆಮೇಲೆ ಕೀವಿನ ಹನಿ. ಇಲ್ಲೂ ಮಣಿಗಳೇ, ಆದರೆ ಉದ್ದನೆಯ ಸರ. ನೋಡುತ್ತಿದ್ದ ಹಾಗೆಯೇ ಒಂದು ಮಣಿ ಉದ್ದವಾಯಿತು, ನಡು ಸಣ್ಣಗಾಯಿತು, ಎರಡಾಯಿತು. ಅದರ ಪಕ್ಕದ್ದೂ, ಅದರ ಪಕ್ಕದ್ದೂ.

ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಮಾತಾಡುತ್ತಲೇ ಇದ್ದಳು. "ಒಂದೊಂದು ಮಣೀನೂ ಒಂದು ಇಡೀ ಜೀವ. ಒಂದೇ ಕೋಣೆ ಮನೆ, ಸುತ್ತ ಗೋಡೆ. ಎರಡಾಗೋವಾಗ ನಡುವೆ ಹೊಸ ಗೋಡೆ ಕಟ್ಕೊಳತ್ತೆ. ನಮ್ಮ ಮಾತ್ರೆ ಇವನ್ನ ಹಾಗೇ ಹೊಡೆದು ಸಾಯಿಸಲ್ಲ, ಗೋಡೆ ಕಟ್ಟೋಕೆ ಬಿಡಲ್ಲ ಅಷ್ಟೆ. ಅರ್ಧ ಗೋಡೆಯಲ್ಲಿ ನಿಂತದ್ದು ಒಡೆದುಹೋಗತ್ತೆ. ಗೋಡೆ ಕಟ್ಟದೆ ಸುಮ್ಮನೆ ಕೂತವರನ್ನ ಆ ಮಾತ್ರೆ ಮುಟ್ಟೋದೂ ಇಲ್ಲ. ಒಳ್ಳೇ ಮದ್ದು, ಎಲ್ಲ ಊರಲ್ಲೂ ಕೆಲಸ ಮಾಡತ್ತೆ. ಇಲ್ಲಿ ಯಾಕೆ ಹಿಡೀತಿಲ್ಲ ಅಂತ ನಂಗೆ ತಲೆ ಕೆಟ್ಟುಹೋಗಿದೆ."

ನನಗೆ ತಟ್ಟನೆ ತೊಟ್ಟಿಯ ನೀರು ಕಣ್ಣ ಮುಂದೆ ಬಂತು. ಗೋಡೆಯ ಗಡಿಯಾರ ನೋಡಿದೆ. ನಾಲ್ಕೂ ಹತ್ತು. ಇನ್ನೂ ಐವತ್ತು ನಿಮಿಷ! ನಾನು ಹುಟ್ಟಿದಾಗಿನಿಂದ ಒಂದು ಮಾತನ್ನು ಐವತ್ತು ನಿಮಿಷ ಬಾಯಲ್ಲಿಟ್ಟುಕೊಂಡವಳಲ್ಲ. ಕುರ್ಚಿಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಡಾಕ್ಟರು, "ಹೊಟ್ಟೆನೋವಾ?" ಎಂದು ಕೇಳಿದಳು. ಅಲ್ಲವೆಂದು ತಲೆಯಾಡಿಸಿದೆ. ಆಚೆ ಬೆಂಚಿನ ಮೇಲೆ ಅನಂತಯ್ಯ ತುಟಿ ಬಿಗಿದು ಮಲಗಿ, ನನ್ನ ಒದ್ದಾಟವನ್ನು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದ. ಕೊನೆಗೆ ಅವನು ಎದ್ದು ಐದರ ಗಂಟೆ ಹೊಡೆದ. ಗಂಟೆಯ ಸದ್ದು ನಿಲ್ಲುವವರೆಗೂ ನಾನು ಕಾಯಲಿಲ್ಲ.

"ಅವು ಗೋಡೆ ಕಟ್ಟೋದು ನಾಲ್ಕಕ್ಕೆ! ನಾಲ್ಕಕ್ಕೆ ನಿನ್ನ ಮಾತ್ರೆ ಎಲ್ಲಿರತ್ತಮ್ಮ?"

"ಅಂದ್ರೆ?"

"ಹನ್ನೆರಡಕ್ಕೆ ನುಂಗಿದ್ದು. ಅದು ಮೈಯಲ್ಲಿ ಎಷ್ಟು ಹೊತ್ತು ಇರತ್ತೆ?"

"ಎರಡು ಗಂಟೆ, ಹೆಚ್ಚಂದ್ರೆ ಮೂರು. ಆಮೇಲೆ ಮೂತ್ರದಲ್ಲಿ ಹೋಗ್..." ಅವಳು ಕನ್ನಡಕ ತೆಗೆದಳು.

"ಇದು ಬೆಳಗಿನ ತಣ್ಣೀರು ಕಣಮ್ಮ. ಹಿಟ್ಟು ಮಲಗಿರೋವಾಗ ತಣ್ಣಗಿದ್ದು, ಹಿಟ್ಟು ಏಳೋ ಹೊತ್ತಿಗೆ ಬೆಚ್ಚಗಾಗೋ ನೀರು. ಮೂರೂವರೆಗೆ ಬದಲಿಸ್ಬೇಕು."

ಡಾಕ್ಟರು ಹಣೆಗೆ ಕೈ ಬಡಿದುಕೊಂಡಳು. "ಆರು ತಿಂಗಳಿಂದ ನಾನು ಪುಸ್ತಕ ನೋಡ್ಕೊಂಡು ಮಾತ್ರೆ ಬರೀತಿದ್ದೆ. ಗಡಿಯಾರ ನೋಡ್ಲೇ ಇಲ್ಲ."

ಅನಂತಯ್ಯ ನಡುವೆ ಬಂದ. "ಹೊತ್ತಿಗೆ ಮುಂಚೆ ಬಾಯಿಗೆ ಹಾಕೋದಾ? ಅದೂ ಮುರಿಯೋ ಮದ್ದು? ಆಗ ನಮ್ಮ ಮೈಯೂ ಎರಡಾಗ್ತಿರತ್ತೆ ತಾಯಿ. ಹೊಸಾ ಚರ್ಮ, ಹೊಸಾ ರಕ್ತ. ಅವುನ್ನೂ ಮುರಿದುಹಾಕಿದ್ರೆ?"

ಹುಡುಗಾಟದ ಮಾತಲ್ಲ ಅದು. ಡಾಕ್ಟರು ಬೆಂಕಿಕಡ್ಡಿಯ ಬುಡದಿಂದ ಅವನ ಕೆನ್ನೆಯ ಒಳಬದಿಯನ್ನು ಸವರಿ, ಗಾಜಿನ ಮೇಲೆ ಹಚ್ಚಿ, ನೀಲಿ ಬಣ್ಣದ ಹನಿ ಹಾಕಿ ನಮ್ಮಿಬ್ಬರಿಗೂ ತೋರಿಸಿದಳು. ಅಗಲವಾದ, ಮೂಲೆ ಮಡಚಿದ ತೆಳ್ಳನೆಯ ಹಾಳೆಗಳು ಕಂಡವು. ಪ್ರತಿಯೊಂದರ ನಡುವೆಯೂ ಒಂದು ಕಡುನೀಲಿ ಬೊಟ್ಟು.

"ಇದು ನೀವೇ, ಅನಂತಯ್ಯನವರೇ. ನಿಮ್ಮ ಜೀವಕೋಶ. ಆ ಬೊಟ್ಟಿನಲ್ಲಿ ನಿಮ್ಮ ಮೂಗು ಹೇಗಿರಬೇಕು ಅನ್ನೋದೆಲ್ಲ ಬರೆದಿದೆ. ಸುತ್ತ ಏನಿದೆ ನೋಡಿ. ಗೋಡೆ ಇದೆಯಾ? ಇಲ್ಲ. ತೆಳ್ಳಗೆ ಒಂದು ಪೊರೆ, ಅಷ್ಟೆ. ಗೋಡೆ ಕಟ್ಟದವರಿಗೆ ಆ ಮದ್ದಿನಿಂದ ಏನು ನಷ್ಟ?"

ಅನಂತಯ್ಯ ಇನ್ನೊಮ್ಮೆ ಗಾಜಿಗೆ ಕಣ್ಣಿಟ್ಟ. "ಮೂವತ್ತು ವರ್ಷ ಹಿಡಿಯಲ್ಲ ಅಂತಲೇ ಹೇಳ್ಕೊಂಡು ಬಂದೆನಲ್ಲ ತಾಯಿ" ಎಂದು ಮೆಲ್ಲಗೆ ಅಂದ. ಯಾರ ಯಾರ ಮುಖ ಅವನಿಗೆ ನೆನಪಾಯಿತೋ, ನಾವು ಕೇಳಲಿಲ್ಲ.

ಆ ಸಂಜೆ ನಾಲ್ಕನೇ ಗೆರೆ ಬಿತ್ತು. ಮೊಣಕಾಲಿಗೆ ಎರಡೇ ಬೆರಳು. ನಮಗೆ ಉಳಿದದ್ದು ಬುಧವಾರದ ಒಂದು ಹೊತ್ತು.

ಬುಧವಾರ ಎರಡೂಮುಕ್ಕಾಲಿಗೆ ಡಾಕ್ಟರು ಬಂದು ಎರಡು ಮಾತ್ರೆ ನನ್ನ ಕೈಗಿಟ್ಟಳು. ಪುಟ್ಟತಾಯಿಗೆ ವಿಷಯವನ್ನೆಲ್ಲ ಬಿಡಿಸಿ ಹೇಳಿದೆವು. ಅವಳು ಎಲ್ಲವನ್ನೂ ಕೇಳಿಸಿಕೊಂಡು ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿದಳು.

"ನುಂಗೇ" ಎಂದೆ.

"ಊಹೂಂ. ಹೊತ್ತಿಗೆ ಮುಂಚೆ ನಾನು ಬಾಯಿಗೆ ಹಾಕಲ್ಲ. ಕಾಲು ಹೋದ್ರೆ ಒಂದು ಕಾಲು ಹೋಗತ್ತೆ. ಹೊಟ್ಟೆ ಬಿರಿದ್ರೆ ಪೂರ್ತಿ ನಾನೇ ಹೋಗ್ತೀನಿ."

ಡಾಕ್ಟರು ಬೇಡಿಕೊಂಡಳು, ಗದರಿದಳು. ಪುಟ್ಟತಾಯಿ ಜಗ್ಗಲಿಲ್ಲ. ಗಡಿಯಾರದಲ್ಲಿ ಮೂರೂ ಹತ್ತು. ನನಗೆ ರೇಗಿತು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಹಂಚಿಟ್ಟು, ನಿನ್ನೆಯ ಹಿಟ್ಟಿನಲ್ಲಿ ಒಂದು ದೋಸೆ ಹುಯ್ದೆ. ಹೊತ್ತು ಹತ್ತಿರವಿದ್ದಾಗ ನಮ್ಮ ಬೀದಿಯಲ್ಲಿ ದೋಸೆಯ ವಾಸನೆ ಎದ್ದದ್ದು ಅದೇ ಮೊದಲು. ಎದುರು ಮನೆಯ ಕಿಟಕಿ ಧಡ್ ಎಂದು ತೆರೆದುಕೊಂಡಿತು. ದೋಸೆಯನ್ನು ತಟ್ಟೆಗೆ ಹಾಕಿ, ಒಂದು ಲೋಟ ಕಾಫಿ ಬೆರೆಸಿ ತಂದು, ಅವಳ ಹಾಸಿಗೆಯ ಪಕ್ಕದಲ್ಲೇ ಚಕ್ಕಂಬಟ್ಟಲು ಹಾಕಿ ಕೂತೆ.

ಪುಟ್ಟತಾಯಿ ಈ ಕಡೆ ತಿರುಗಿದಳು. "ಏನು ಮಾಡ್ತಿದೀಯ ಅತ್ತಿಗೆ?"

"ತಿಂಡಿ ತಿಂತಿದೀನಿ."

"ಹುಚ್ಚು ಹಿಡೀತಾ? ಇಡು ಕೆಳಗೆ!"

ನಾನು ಒಂದು ತುತ್ತು ಮುರಿದು ಬಾಯಿಗಿಟ್ಟೆ. ಹಲಸಿನ ಹಣ್ಣಿನವನು ಕಣ್ಣ ಮುಂದೆ ಬಂದು ಹೋದ. ಆದರೂ ಅಗಿದೆ, ನುಂಗಿದೆ. ಎರಡನೇ ತುತ್ತು ತಿಂದೆ. ಮೂರನೆಯದಕ್ಕೆ ಅವಳು ಎದ್ದು ಕೂತು ನನ್ನ ಕೈ ಹಿಡಿದುಕೊಂಡಳು. ಕಾಲು ಅಲುಗಿ ನೋವಿಗೆ ಅವಳ ಮುಖ ಕಿವುಚಿತು.

"ಬೇಡ ಅತ್ತಿಗೆ. ಅಣ್ಣ ಹೋದ. ನೀನೂ ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

"ಹಾಗಾದ್ರೆ ಬಾಯಿ ತೆಗಿ. ಬಿರಿಯೋದಿದ್ರೆ ಇಬ್ರೂ ಒಟ್ಟಿಗೇ ಬಿರಿಯೋಣ. ಗುಂಡಿಗೆ ಅಡ್ಡಗಲ್ಲು ಇಡದೋಳು ನಾನು. ನಿನ್ನನ್ನ ಒಂದು ಕಾಲಲ್ಲಿ ನೋಡೋ ಶಕ್ತಿ ನಂಗಿಲ್ಲ ಕಣೇ."

ಹನ್ನೊಂದು ವರ್ಷದಲ್ಲಿ ನಾನು ಅವಳ ಮುಂದೆ ತಪ್ಪೊಪ್ಪಿಕೊಂಡದ್ದು ಅದೊಂದೇ ಸಲ. ಅವಳು ಬಾಯಿ ತೆರೆದಳು. ಎರಡು ಮಾತ್ರೆ ಹಾಕಿ ನೀರು ಕುಡಿಸಿದೆ. ಮೂರೂವರೆಯಾಗಿತ್ತು. ಓಡಿಹೋಗಿ ತೊಟ್ಟಿಯ ನೀರನ್ನೂ ಬದಲಿಸಿ ಬಂದೆ, ಅದು ಕೈಯ ರೂಢಿ.

ನಾಲ್ಕರ ಗಂಟೆ ಹೊಡೆಯಿತು. ಅವಳ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದೆ. ನನ್ನ ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದನ್ನು ಅವಳು ಹಿಡಿದುಕೊಂಡಿದ್ದಳು. ಹಿತ್ತಲಲ್ಲಿ ಹಿಟ್ಟು ಗುಳುಗುಳು ಎನ್ನುವುದು ಕೇಳುತ್ತಿತ್ತು. ಬೆರಳ ತುದಿಯಲ್ಲಿ ಉಗುರು ಬೆಳೆಯುವ ಸಣ್ಣ ಕಚಗುಳಿ ಶುರುವಾಯಿತು. ಅವಳ ಕಾಲಿನೊಳಗೆ ಆ ಮಣಿಸರಗಳು ಗೋಡೆ ಕಟ್ಟಲು ಎದ್ದಿರುತ್ತವೆ ಎಂದುಕೊಂಡೆ. ಏಳಲಿ, ಇವತ್ತು ನೀರು ತಣ್ಣಗಿದೆ. ಹೊದಿಕೆ ಸರಿಸಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಡಾಕ್ಟರು ಮಾತ್ರ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದಳು.

ಐದರ ಗಂಟೆಯಾಯಿತು. ಡಾಕ್ಟರು ಬಂದು ಮಂಡಿಯೂರಿ ಹೊದಿಕೆ ಸರಿಸಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಬೆರಳಿನಿಂದ ನಾಲ್ಕನೇ ಗೆರೆಯ ಉದ್ದಕ್ಕೂ ಮುಟ್ಟುತ್ತ ಹೋದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಜೇಬಿನಲ್ಲಿಟ್ಟುಕೊಂಡಳು.

"ದಾಟಿಲ್ಲ" ಎಂದಳು.

ನಾನು ಬಗ್ಗಿ ನೋಡಿದೆ. ಕೆಂಪು ಗೆರೆಯ ಕೆಳಗೆ, ಹಿಂದಿನ ದಿನ ಎಲ್ಲಿತ್ತೋ ಅಲ್ಲೇ ನಿಂತಿತ್ತು. ಕೂದಲೆಳೆಯಷ್ಟೂ ಮೇಲೆ ಹೋಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಅಳುತ್ತಲೂ ನಗುತ್ತಲೂ ಆ ಡಾಕ್ಟರ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಪುಟ್ಟತಾಯಿ ತನ್ನ ಹೊಟ್ಟೆಯನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ಮುಟ್ಟಿ ನೋಡಿದಳು.

"ಬಿರೀಲಿಲ್ಲ" ಎಂದಳು. ಆಮೇಲೆ, "ಆ ದೋಸೆ ತಣ್ಣಗಾಗಿ ಹೋಗಿರತ್ತೆ. ಇನ್ನೊಂದು ಹುಯ್ಯಿ, ನಂಗೆ ಹಸಿವಾಗ್ತಿದೆ" ಎಂದಳು. ಐದು ದಿನದಲ್ಲಿ ಅವಳು ಹಸಿವು ಎಂದದ್ದು ಅದೇ ಮೊದಲು.

ಗುರುವಾರ ವ್ಯಾನ್ ಬಂತು. ಡಾಕ್ಟರು ಕಾಲು ನೋಡಿ ಚಾಲಕನಿಗೆ ಹೋಗಿಬಾ ಎಂದಳು. ಅವನು ನಮ್ಮ ಜಗುಲಿಯಲ್ಲಿ ಆರು ಇಡ್ಲಿ ತಿಂದು ಖಾಲಿ ವ್ಯಾನ್ ಓಡಿಸಿಕೊಂಡು ಹೋದ. ಅವತ್ತಿನಿಂದ ದಿನಾ ಮೂರೂವರೆಗೆ ಎರಡು ಮಾತ್ರೆ. ನಾಲ್ಕನೇ ಗೆರೆಯಿಂದ ಕೆಂಪು ಕೆಳಗಿಳಿಯಿತು, ಮೂರನೆಯದನ್ನು ಬಿಟ್ಟಿತು, ಎರಡನೆಯದನ್ನು ಬಿಟ್ಟಿತು. ಹತ್ತನೇ ದಿನ ಹೊತ್ತು ಕಳೆದು ಬಟ್ಟೆ ಬಿಚ್ಚಿದರೆ ಗಾಯದ ಅಂಚಿನಲ್ಲಿ ಹೊಸ ಚರ್ಮ ಅಕ್ಕಿಕಾಳಿನ ಅಗಲಕ್ಕೆ ಬಂದಿತ್ತು. ಈಗ ಹೊತ್ತು ನಮ್ಮ ಕಡೆಯೇ ಕೆಲಸ ಮಾಡುತ್ತಿತ್ತು. ಆ ನಾಲ್ಕು ನೀಲಿ ಗೆರೆಗಳನ್ನು ತೊಳೆಯಲು ಅವಳು ಬಹಳ ದಿನ ಬಿಡಲಿಲ್ಲ. ಬಂದವರಿಗೆಲ್ಲ ಸೀರೆ ಎತ್ತಿ ತೋರಿಸಿ, "ಇಲ್ಲೀವರ್ಗೂ ಬಂದಿತ್ತು, ನಮ್ಮತ್ತಿಗೆ ದೋಸೆ ತಿಂದು ಓಡಿಸಿದ್ಲು" ಎನ್ನುತ್ತಿದ್ದಳು. ಡಾಕ್ಟರ ಹೆಸರು ಹೇಳೇ ಎಂದರೆ ಕೇಳಬೇಕಲ್ಲ.

ನನ್ನ ಹೊಟ್ಟೆ ನೋಡಲು ವಾರಗಟ್ಟಲೆ ಜನ ಬಂದರು. ಬಂದ ತಪ್ಪಿಗೆ ಹಿಟ್ಟು ತೆಗೆದುಕೊಂಡು ಹೋದರು. ಈಗ ಅನಂತಯ್ಯ ಮೂರೂವರೆಗೂ ಒಂದು ಗಂಟೆ ಹೊಡೆಯುತ್ತಾನೆ, ಅದು ಮಾತ್ರೆಯ ಗಂಟೆ. ಅವನು ಒಂದು ದಿನವೂ ತಪ್ಪಿಸಿಲ್ಲ, ಜ್ವರ ಬಂದಾಗಲೂ ಎದ್ದು ಬಂದು ಹೊಡೆದ. ಊರಿನ ಬಹಳ ಜನ ಇನ್ನೂ ಹೊತ್ತಿನಲ್ಲಿ ಬಾಯಿ ಕಟ್ಟಿಕೊಂಡೇ ಮಲಗುತ್ತಾರೆ, ನಾವು ಯಾರನ್ನೂ ಬಲವಂತ ಮಾಡುವುದಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ತೊಟ್ಟಿಯ ನೀರು ಬದಲಿಸಿದ ಮೇಲೆ ಎರಡು ಲೋಟ ಕಾಫಿಯಾಗುತ್ತದೆ. ನಾಲ್ಕರ ಗಂಟೆ ಹೊಡೆದು ಬೀದಿಯೆಲ್ಲ ಮೌನವಾದಾಗ ಪುಟ್ಟತಾಯಿ ಕಾಲು ಚಾಚಿ ಕೂತು, ಇವತ್ತು ಉಪ್ಪು ಕಮ್ಮಿಯಾಗಿದೆ ಎಂದು ಶುರುಮಾಡುತ್ತಾಳೆ. ನಾನು ಹೆಚ್ಚು ಎನ್ನುತ್ತೇನೆ. ಐದರವರೆಗೂ ನಡೆಯುತ್ತದೆ. ಪಕ್ಕದ ಮನೆಯವರು ತಮ್ಮ ಒಂದು ಗಂಟೆಯ ನೆಮ್ಮದಿಯೂ ಹೋಯಿತೆಂದು ಅನಂತಯ್ಯನ ಹತ್ತಿರ ದೂರು ಹೇಳಿದ್ದಾರಂತೆ. ನಾಲ್ಕೂಕಾಲಿಗೆ, ಊರು ಉಸಿರು ಬಿಗಿಹಿಡಿದಿರುವಾಗ, ಅವಳು ದನಿಯೆತ್ತಿ ನನ್ನನ್ನು ಬೈಯುವುದು ಕೇಳಿದರೆ ನನಗೆ ಇಂದಿಗೂ ಕಣ್ಣು ತುಂಬುತ್ತದೆ. ಅವಳಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅದಕ್ಕೂ ಒಂದು ಜಗಳ ತೆಗೆಯುತ್ತಾಳೆ.